ತಿಂಗಳಿಗೆ 20 ಡಾಲರ್, ದಿನಕ್ಕೆ 35 ನಿಮಿಷ

ಕೋಡ್ ಬರೆಯಲು ನೆರವಾಗುವ ಎಐ ಸಹಾಯಕಗಳ ಬೆಲೆ ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ತಿಂಗಳಿಗೆ 20 ಡಾಲರ್. ಕರ್ಸರ್ ಪ್ರೊ 20, ಕ್ಲಾಡ್ ಪ್ರೊ 20. ಗಿಟ್‌ಹಬ್ ಕೋಪೈಲಟ್ ಪ್ರೊ ಅದರ ಅರ್ಧ, 10 ಡಾಲರ್. ಇವು 2025ರ ದರಗಳು. ಅದೇ ವರ್ಷ ಮೆಟರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಈ ಸಹಾಯಕಗಳನ್ನು ಪರೀಕ್ಷೆಗೆ ಒಡ್ಡಿದಾಗ, ಭಾಗವಹಿಸಿದ ಡೆವಲಪರ್‌ಗಳಿಗೆ ಗಂಟೆಗೆ 150 ಡಾಲರ್ ಸಂಭಾವನೆ ಕೊಟ್ಟಿತ್ತು. ಆ ದರದಲ್ಲಿ ದುಡಿಯುವವರಿಗೆ 20 ಡಾಲರ್ ಎಂದರೆ 8 ನಿಮಿಷದ ದುಡಿಮೆ. ತಿಂಗಳಲ್ಲಿ ಒಂದೇ ಒಂದು ಸಲ 8 ನಿಮಿಷ ಉಳಿದರೂ ಚಂದಾ ಹಣ ವಸೂಲಾಯಿತು.

ಇದೇ ಲೆಕ್ಕವನ್ನು ದಾವಣಗೆರೆಗೆ ತಂದು ಹಾಕೋಣ. ಸರಸ್ವತಿ ನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಡೆವಲಪರ್ ಇದ್ದಾಳೆ ಎಂದು ಇಟ್ಟುಕೊಳ್ಳಿ. ಬಟ್ಟೆ ಅಂಗಡಿಗಳ ಬಿಲ್ಲಿಂಗ್, ಶಾಲೆಗಳ ಫೀ ರಿಜಿಸ್ಟರು, ಎಪಿಎಂಸಿ ದಲ್ಲಾಳಿಗಳ ಪಟ್ಟಿ, ಹರಿಹರದ ಒಂದೆರಡು ವರ್ಕ್‌ಶಾಪ್‌ಗಳ ದಾಸ್ತಾನು ಲೆಕ್ಕ, ಹೀಗೆ ಸಣ್ಣಪುಟ್ಟ ಕೆಲಸ ಅವಳದು. ತಿಂಗಳ ಗಳಿಕೆ 30,000 ರೂಪಾಯಿ. 22 ದಿನ, ದಿನಕ್ಕೆ 8 ಗಂಟೆ, ಒಟ್ಟು 176 ಗಂಟೆ. ಗಂಟೆಗೆ ಬೀಳುವುದು 170 ರೂಪಾಯಿ.

ಡಾಲರಿಗೆ 90 ರೂಪಾಯಿ ಹಿಡಿದರೆ 10 ಡಾಲರ್ ಚಂದಾ 900 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ 162. ವಿದೇಶಿ ಪಾವತಿಗೆ ಹಲವು ಬ್ಯಾಂಕ್ ಕಾರ್ಡುಗಳು ಹಾಕುವ ಮಾರ್ಕಪ್ 3.5%, ಅದು 37; ಆ ಮಾರ್ಕಪ್ ಮೇಲೆ ಮತ್ತೆ ಜಿಎಸ್‌ಟಿ, ಸುಮಾರು 7. ಎಲ್ಲ ಸೇರಿ 1,106 ರೂಪಾಯಿ. 20 ಡಾಲರಿನದು 2,212. ಇನ್ನೂ ದೊಡ್ಡ ಯೋಜನೆಗಳಲ್ಲಿ 100 ಡಾಲರಿನದು 11,059. 200 ಡಾಲರಿನದು 22,117.

ಈಗ ರೂಪಾಯಿಯನ್ನು ಗಂಟೆಗೆ ತಿರುಗಿಸಿ. 10 ಡಾಲರಿನ ಚಂದಾ ಅವಳಿಗೆ ಆರೂವರೆ ಗಂಟೆಯ ದುಡಿಮೆ, ದಿನಕ್ಕೆ 18 ನಿಮಿಷ. 20 ಡಾಲರಿನದು 13 ಗಂಟೆ, ದಿನಕ್ಕೆ 35 ನಿಮಿಷ. 200 ಡಾಲರಿನ ಯೋಜನೆ ಕೊಂಡರೆ ತಿಂಗಳಿಗೆ 130 ಗಂಟೆ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 6 ಗಂಟೆ ಆ ಯಂತ್ರಕ್ಕೇ ದುಡಿಯಬೇಕು. ಅಲ್ಲಿ 8 ನಿಮಿಷ, ಇಲ್ಲಿ 13 ಗಂಟೆ: ಒಂದೇ ಸಾಮಾನಿಗೆ ನೂರು ಪಟ್ಟು ವ್ಯತ್ಯಾಸ. ಎಐ ಸಹಾಯಕ ಬೇಕೋ ಬೇಡವೋ ಎಂದು ಬೆಂಗಳೂರಿನ, ಅಮೆರಿಕದ ವಿಡಿಯೊಗಳನ್ನು ನೋಡಿ ನಿರ್ಧರಿಸುವವರು ಈ ನೂರು ಪಟ್ಟನ್ನು ಮರೆಯಬಾರದು ಎಂಬುದು ನನ್ನ ಮೊದಲ ಮಾತು.

ಹರಿಹರದವರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ವರ್ಕ್‌ಶಾಪ್ ನಡೆಸುವವರು ಯಂತ್ರದ ಬೆಲೆಯನ್ನಷ್ಟೇ ನೋಡುವುದಿಲ್ಲ. ಅದು ತಿಂಗಳಿಗೆ ಎಷ್ಟು ಗಂಟೆ ಓಡುತ್ತದೆ, ಗಂಟೆಗೆ ಎಷ್ಟು ಬೀಳುತ್ತದೆ, ಕೆಡಿಸಿದ ಮಾಲು ಎಷ್ಟು ಎಂದು ನೋಡುತ್ತಾರೆ. ಎಐ ಚಂದಾಕ್ಕೂ ಇದೇ ಮೂರು ಪ್ರಶ್ನೆ ಸಾಕು.

ಎಷ್ಟು ಗಂಟೆ ಓಡುತ್ತದೆ? ಸಣ್ಣ ಊರಿನ ಡೆವಲಪರ್‌ಗೆ ತಿಂಗಳ 176 ಗಂಟೆಯೂ ಕೋಡ್ ಬರೆಯುವ ಕೆಲಸ ಇರುವುದಿಲ್ಲ. ಅಂಗಡಿಗೆ ಹೋಗಿ ಪ್ರಿಂಟರ್ ಸರಿ ಮಾಡಬೇಕು, ಫೋನಿನಲ್ಲಿ "ಅಣ್ಣಾ, ಆ ಬಟನ್ ಒತ್ತಿ, ಕೆಳಗಿಂದಲ್ಲ, ಮೇಲಿಂದು" ಎಂದು ಹೇಳಿಕೊಡಬೇಕು, ಬಾಕಿ ವಸೂಲಿಗೆ ಅಲೆಯಬೇಕು. ಕೋಡ್ ಮುಂದೆ ಕೂರುವುದು 60 ಗಂಟೆ ಎನ್ನಿ. ಅದರಲ್ಲಿ 20 ಗಂಟೆ ಹೊಸ ಕೆಲಸ, 40 ಗಂಟೆ ಹಳೆಯ ಪಿಎಚ್‌ಪಿ ಸಾಫ್ಟ್‌ವೇರ್ ತಿದ್ದುವ ಕೆಲಸ. ಇವು ನಾನು ಹಿಡಿದ ಅಂಕಿಗಳು. ಓದುಗರು ತಮ್ಮ ಅಂಕಿ ಹಾಕಿಕೊಳ್ಳಲಿ. ಲೆಕ್ಕದ ದಾರಿ ಅದೇ.

ಎರಡನೆಯ ಪ್ರಶ್ನೆ, ಗಂಟೆಗೆ ಎಷ್ಟು ಬೀಳುತ್ತದೆ. ಅದು ತಿಳಿಯಬೇಕಾದರೆ ಎಷ್ಟು ಸಮಯ ಉಳಿಯುತ್ತದೆ ಎಂದು ಗೊತ್ತಿರಬೇಕು; ಅದಕ್ಕೆ ಮೂರು ಅಧ್ಯಯನಗಳಿವೆ. ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ, ಮತ್ತು ಆ ಬೇರೆತನದಲ್ಲೇ ವಿಷಯ ಇದೆ.

ಮೊದಲನೆಯದು 2023ರಲ್ಲಿ ಪ್ರಕಟವಾದದ್ದು. 95 ಫ್ರೀಲ್ಯಾನ್ಸ್ ಡೆವಲಪರ್‌ಗಳಿಗೆ ಜಾವಾಸ್ಕ್ರಿಪ್ಟಿನಲ್ಲಿ ಒಂದು ಚಿಕ್ಕ ವೆಬ್ ಸರ್ವರ್ ಬರೆಯಲು ಹೇಳಿದರು. ಕೋಪೈಲಟ್ ಇದ್ದವರು ಸರಾಸರಿ 71 ನಿಮಿಷದಲ್ಲಿ ಮುಗಿಸಿದರು, ಇಲ್ಲದವರು 161 ನಿಮಿಷದಲ್ಲಿ. ಸಮಯದಲ್ಲಿ 55.8% ಇಳಿಕೆ. ಜಾಹೀರಾತುಗಳಲ್ಲಿ ಹೆಚ್ಚಾಗಿ ಓಡಾಡುವ ಅಂಕಿ ಇದೇ. ಎರಡನೆಯದು ಮೈಕ್ರೋಸಾಫ್ಟ್, ಅಕ್ಸೆಂಚರ್ ಮತ್ತು ಇನ್ನೊಂದು ದೊಡ್ಡ ಕಂಪನಿಯ 4,867 ಡೆವಲಪರ್‌ಗಳ ಮೇಲೆ, ಅವರ ನಿತ್ಯದ ಕೆಲಸದಲ್ಲೇ ನಡೆದದ್ದು. ಮುಗಿಸಿದ ಕೆಲಸಗಳ ಸಂಖ್ಯೆ 26% ಹೆಚ್ಚಿತು. ಹೊಸಬರಿಗೆ ಲಾಭ ಜಾಸ್ತಿ, ಹಳಬರಿಗೆ ಕಡಿಮೆ. 26% ಹೆಚ್ಚು ಕೆಲಸ ಎಂದರೆ ಒಂದು ಕೆಲಸಕ್ಕೆ ಹಿಡಿಯುವ ಸಮಯದಲ್ಲಿ 20.6% ಉಳಿತಾಯ.

ಮೂರನೆಯದು ಮೆಟರ್‌ನದು, 2025ರ ಜುಲೈನಲ್ಲಿ ಹೊರಬಂತು. 16 ಅನುಭವಿ ಡೆವಲಪರ್‌ಗಳು, 246 ಕೆಲಸಗಳು. ಅವರು ವರ್ಷಗಳಿಂದ ಪಳಗಿದ್ದ ದೊಡ್ಡ ಓಪನ್ ಸೋರ್ಸ್ ಯೋಜನೆಗಳಲ್ಲೇ ಪರೀಕ್ಷೆ. ಆ ಯೋಜನೆಗಳ ಕೋಡ್ ಸರಾಸರಿ 10 ಲಕ್ಷ ಸಾಲಿಗೂ ಮೇಲು. ಎಐ ಬಳಸಿದರೆ 24% ಸಮಯ ಉಳಿಯುತ್ತದೆ ಎಂದು ಅವರು ಮೊದಲು ಅಂದುಕೊಂಡಿದ್ದರು. ಎಲ್ಲ ಮುಗಿದ ಮೇಲೂ 20% ಉಳಿಯಿತು ಎಂದೇ ನಂಬಿದ್ದರು. ಗಡಿಯಾರ ಹೇಳಿದ್ದು ಬೇರೆ: 19% ಹೆಚ್ಚು ಸಮಯ ಹಿಡಿದಿತ್ತು. ಸಹಾಯಕ ಬರೆದುಕೊಟ್ಟ ಕೋಡಿನಲ್ಲಿ ಅವರು ಒಪ್ಪಿಕೊಂಡದ್ದು 44%ಕ್ಕೂ ಕಡಿಮೆ. ಉಳಿದದ್ದನ್ನು ಓದಿ, ನೋಡಿ, ಬಿಸಾಡಿದರು. ಆ ಓದಿಗೂ ಗಂಟೆ ಖರ್ಚಾಯಿತು.

ಆಗಿನ ಸಾಧನಗಳಿಗಿಂತ ಈಗಿನವು ಚುರುಕಾಗಿವೆ, ಅದು ನಿಜ. ಆದರೂ ಈ ಮೂರನೆಯ ಅಧ್ಯಯನದಿಂದ ನಾನು ಗಟ್ಟಿಯಾಗಿ ಹಿಡಿದುಕೊಳ್ಳುವ ಅಂಕಿ 19 ಅಲ್ಲ, ಉಳಿಯಿತು ಎಂದ 20 ಮತ್ತು ಹೆಚ್ಚು ಹಿಡಿದ 19ರ ನಡುವಿನ ಅಂತರ. ಬೇಗ ಆಯಿತು ಎಂಬ ಭಾವನೆಗೂ ನಿಜಕ್ಕೂ ಅಷ್ಟು ದೂರ ಇರಬಹುದಾದರೆ, ಅಂದಾಜಿನ ಮೇಲೆ ಚಂದಾ ಕಟ್ಟಬಾರದು. ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಸಹಾಯಕ ಬರೆದದ್ದನ್ನು ಪರಿಶೀಲಿಸಲು ಹಿಡಿದ ಹೊತ್ತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು ಚಂದಾಕ್ಕಿಂತ ಮೊದಲು ಆಗಬೇಕಾದ ಕೆಲಸ.

ಸರಸ್ವತಿ ನಗರದ ನಮ್ಮ ಡೆವಲಪರ್‌ಗೆ ಮರಳೋಣ. ಹೊಸ ಕೆಲಸಕ್ಕೆ ಮಾತ್ರ ಸಹಾಯಕ ಬಳಸಿದಳು ಎನ್ನಿ. 20 ಗಂಟೆಯಲ್ಲಿ 20.6% ಉಳಿದರೆ 4 ಗಂಟೆ ಚಿಲ್ಲರೆ, ಜಾಹೀರಾತಿನ 55.8% ಉಳಿದರೆ 11 ಗಂಟೆ ಚಿಲ್ಲರೆ. 10 ಡಾಲರಿನ ಚಂದಾಕ್ಕೆ ಬೇಕಾದದ್ದು ಆರೂವರೆ ಗಂಟೆ, ಅದು ಇವೆರಡರ ನಡುವೆ ಬೀಳುತ್ತದೆ. 20 ಡಾಲರಿನದಕ್ಕೆ 13 ಗಂಟೆ ಬೇಕು. ಅತಿ ಆಶಾದಾಯಕ ಅಂಕಿ ಹಿಡಿದರೂ ಅಷ್ಟು ಹುಟ್ಟುವುದಿಲ್ಲ. ಹಳೆಯ ಕೋಡಿನ 40 ಗಂಟೆಗೂ ಸಹಾಯಕವನ್ನೇ ನೆಚ್ಚಿ, ಅಲ್ಲಿ 19% ಹೆಚ್ಚು ಹಿಡಿದರೆ 7.6 ಗಂಟೆ ಕೈಬಿಟ್ಟಿತು. ಆಗ 20.6% ಲೆಕ್ಕದಲ್ಲಿ ತಿಂಗಳಿಗೆ ಮೂರೂವರೆ ಗಂಟೆ ನಷ್ಟ, ಚಂದಾ ಬೇರೆ.

ತಿರುಗಿಸಿ ಕೇಳಿದರೆ ಇನ್ನೂ ಸ್ಪಷ್ಟ. 10 ಡಾಲರ್ ಹುಟ್ಟಬೇಕಾದರೆ ತಿಂಗಳಿಗೆ ಎಷ್ಟು ಗಂಟೆ ಹೊಸ ಕೋಡಿನ ಕೆಲಸ ಇರಬೇಕು? 55.8% ಉಳಿತಾಯ ಸಿಗುವ ಸುಲಭದ ಕೆಲಸವಾದರೆ 12 ಗಂಟೆ, 20.6% ಸಿಗುವ ಸಾಧಾರಣ ಕೆಲಸವಾದರೆ 32 ಗಂಟೆ. 20 ಡಾಲರಿಗೆ ಕ್ರಮವಾಗಿ 23 ಮತ್ತು 63. ಇನ್ನೊಂದು ಮಾತು: ಉಳಿದ ಗಂಟೆ ರೂಪಾಯಿಯಾಗುವುದು ಆ ಗಂಟೆಗೆ ಬೇರೆ ಕೆಲಸ ಕಾದಿದ್ದರೆ ಮಾತ್ರ. ಎರಡು ಹೊಸ ಗಿರಾಕಿಗಳು ಬಾಗಿಲಲ್ಲಿ ನಿಂತಿರುವ ಡೆವಲಪರ್‌ಗೆ ಈ ಲೆಕ್ಕ ಪೂರ್ತಿ ಅನ್ವಯಿಸುತ್ತದೆ. ಕೈಯಲ್ಲಿ ಕೆಲಸವೇ ಇಲ್ಲದ ತಿಂಗಳಲ್ಲಿ ಸಹಾಯಕ ಉಳಿಸಿದ ಗಂಟೆಯಿಂದ ಬಾಡಿಗೆ ಕಟ್ಟಲಾಗದು.

ಹಾಗಾದರೆ ಫ್ರೀ ಯೋಜನೆ? 2024ರ ಡಿಸೆಂಬರಿನಲ್ಲಿ ಬಂದ ಕೋಪೈಲಟ್ ಫ್ರೀ ತಿಂಗಳಿಗೆ 2,000 ಕೋಡ್ ಪೂರಣ, 50 ಚಾಟ್ ಪ್ರಶ್ನೆ ಕೊಡುತ್ತಿತ್ತು. 22 ದಿನಕ್ಕೆ ಹಂಚಿದರೆ ದಿನಕ್ಕೆ 90 ಪೂರಣ, ಎರಡು ಪ್ರಶ್ನೆ. ಪೂರಣ ಧಾರಾಳ, ಪ್ರಶ್ನೆ ಬಿಗಿ. 10 ಡಾಲರಿನ ಪ್ರೊ ಯೋಜನೆಯಲ್ಲಿ 2025ರಲ್ಲಿ ಪ್ರೀಮಿಯಂ ಪ್ರಶ್ನೆಗಳು 300 ಇದ್ದವು, ಅಂದರೆ ದಿನಕ್ಕೆ 13. ಅದರ ಮೇಲೆ ಒಂದೊಂದಕ್ಕೆ 4 ಸೆಂಟ್, ನಮ್ಮ 3 ರೂಪಾಯಿ 60 ಪೈಸೆ. ದುಬಾರಿ ಮಾದರಿಗಳಿಗೆ ಒಂದು ಪ್ರಶ್ನೆ ಹತ್ತಕ್ಕೆ ಸಮ ಎಂದು ಎಣಿಸುವುದೂ ಇತ್ತು. ಆಗ 300 ಎಂಬುದು 30 ಆಗುತ್ತಿತ್ತು. ಗೂಗಲ್‌ನ ಜೆಮಿನಿ ಸಿಎಲ್‌ಐ 2025ರ ಜೂನ್‌ನಲ್ಲಿ ಬಂದಾಗ ದಿನಕ್ಕೆ 1,000 ಕೋರಿಕೆಗಳನ್ನು ಪುಕ್ಕಟೆ ಕೊಟ್ಟಿತು. ತಿಂಗಳಿಗೆ 20 ಗಂಟೆ ಹೊಸ ಕೋಡ್ ಬರೆಯುವವಳು ಮೊದಲು ಇಂಥ ಫ್ರೀ ಯೋಜನೆಗಳಲ್ಲೇ ಕೈ ಪಳಗಿಸಿಕೊಳ್ಳಲಿ. ಇಲ್ಲಿ ಉಳಿದ ಪ್ರತಿ ನಿಮಿಷವೂ ಲಾಭ.

ಮೂರನೆಯ ಪ್ರಶ್ನೆ, ಕೆಡಿಸಿದ ಮಾಲು. ಇದನ್ನು ದಾವಣಗೆರೆಯ ಕೆಲಸದಲ್ಲೇ ನೋಡಬೇಕು, ಏಕೆಂದರೆ ಸಹಾಯಕ ಎಡವುವ ಜಾಗಗಳು ಇಲ್ಲಿಯವೇ.

ಬಟ್ಟೆ ಅಂಗಡಿಯ ಬಿಲ್ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಅದಕ್ಕೆ ಮೊದಲು ಸಿದ್ಧ ಉಡುಪಿಗೆ ಒಂದು ಪೀಸ್‌ಗೆ 1,000 ರೂಪಾಯಿವರೆಗೆ 5%, ಮೇಲಾದರೆ 12%. ಈಗ 2,500 ರೂಪಾಯಿವರೆಗೆ 5%, ಮೇಲಾದರೆ 18%. ಆ ದಿನಾಂಕಕ್ಕೆ ಮೊದಲೇ ತರಬೇತಿ ಮುಗಿಸಿದ ಮಾದರಿಗೆ, ಇಂಟರ್ನೆಟ್ ಹುಡುಕಲು ಬಿಡದೆ, "ಉಡುಪಿಗೆ ಜಿಎಸ್‌ಟಿ ಲೆಕ್ಕ ಹಾಕುವ ಫಂಕ್ಷನ್ ಬರೆ" ಎಂದರೆ ಅದಕ್ಕೆ ಗೊತ್ತಿರುವುದು ಹಳೆಯ 1,000 ಮತ್ತು 12% ಮಾತ್ರ. ಅದನ್ನೇ ಬರೆದುಕೊಡುತ್ತದೆ. ಕೋಡ್ ಓಡುತ್ತದೆ, ದೋಷ ಸಂದೇಶ ಬರುವುದಿಲ್ಲ. 1,800 ರೂಪಾಯಿಯ ಶರ್ಟಿಗೆ 90 ರೂಪಾಯಿ ಹಾಕುವ ಬದಲು 216 ಹಾಕುತ್ತದೆ. ಶರ್ಟಿಗೆ 126 ರೂಪಾಯಿ ತಪ್ಪು. ದಿನಕ್ಕೆ ಅಂಥ 40 ಶರ್ಟು ಹೋದರೆ 5,040. ಹಾಗೆ ಹೆಚ್ಚಿಗೆ ವಸೂಲಾದ ತೆರಿಗೆಯನ್ನು ಅಂಗಡಿಯವರು ಇಟ್ಟುಕೊಳ್ಳುವಂತೆಯೂ ಇಲ್ಲ, ಸರ್ಕಾರಕ್ಕೆ ಕಟ್ಟಲೇಬೇಕು. ಗಿರಾಕಿ ಪಕ್ಕದ ಅಂಗಡಿಯ ಬಿಲ್ ತಂದು ತೋರಿಸಿದ ದಿನ ಫೋನ್ ಬರುವುದು ಡೆವಲಪರ್‌ಗೆ.

ದರ ತಿದ್ದಿದ ಮಾತ್ರಕ್ಕೆ ಮುಗಿಯಿತೇ? ಇಲ್ಲ. ಸೀರೆ ಹೊಲಿಯದ ಬಟ್ಟೆ. ಬೆಲೆ ಎಷ್ಟಿದ್ದರೂ 5%. ಉಡುಪಿನ ಮಿತಿಯನ್ನು ಸೀರೆಗೂ ಹಾಕಿಬಿಟ್ಟರೆ 6,000 ರೂಪಾಯಿಯ ಸೀರೆಗೆ 300ರ ಜಾಗದಲ್ಲಿ 1,080 ಬೀಳುತ್ತದೆ. ಇನ್ನು ಎಂಆರ್‌ಪಿ. ಚೀಟಿಯಲ್ಲಿರುವ ಬೆಲೆ ತೆರಿಗೆ ಸೇರಿದ್ದು, ಆದರೆ 2,500ರ ಮಿತಿ ತೆರಿಗೆ ಬಿಟ್ಟ ಬೆಲೆಗೆ. 2,600 ರೂಪಾಯಿಯ ಕುರ್ತಾವನ್ನು 1.05ರಿಂದ ಭಾಗಿಸಿದರೆ 2,476 ರೂಪಾಯಿ 19 ಪೈಸೆ. ಅದು 5%ಕ್ಕೆ ಸೇರುತ್ತದೆ, ತೆರಿಗೆ 123 ರೂಪಾಯಿ 81 ಪೈಸೆ. ಎಂಆರ್‌ಪಿಯನ್ನೇ 2,500ಕ್ಕೆ ಹೋಲಿಸುವ ಕೋಡ್ ಅದಕ್ಕೆ 18% ಹಾಕಿ 396 ರೂಪಾಯಿ 61 ಪೈಸೆ ತೆಗೆಯುತ್ತದೆ. ಎಂಆರ್‌ಪಿ 2,625 ದಾಟಿ 2,950ರ ಒಳಗಿದ್ದರೆ ಇನ್ನೊಂದು ತೊಡಕು: 5% ಎಂದು ಹಿಡಿದರೆ ಮೂಲ ಬೆಲೆ ಮಿತಿ ಮೀರುತ್ತದೆ, 18% ಎಂದು ಹಿಡಿದರೆ ಮಿತಿಯೊಳಗೆ ಬರುತ್ತದೆ. ಅಲ್ಲಿ ಏನು ಮಾಡಬೇಕೆಂದು ಹೇಳಬೇಕಾದವರು ಅಂಗಡಿಯ ಆಡಿಟರ್. ಎಐಯೂ ಅಲ್ಲ, ಡೆವಲಪರೂ ಅಲ್ಲ. ಕೊನೆಗೆ, ಸೆಪ್ಟೆಂಬರ್ 22ಕ್ಕೆ ಮೊದಲು ಮಾರಿದ ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಆಗಬೇಕು. ಅಂದರೆ ಫಂಕ್ಷನ್ನಿಗೆ ಬೆಲೆ, ಬಟ್ಟೆಯ ಬಗೆ ಮಾತ್ರವಲ್ಲ, ಮೂಲ ಬಿಲ್ಲಿನ ದಿನಾಂಕವೂ ಬೇಕು.

ಇಷ್ಟನ್ನೂ ಬರೆದುಕೊಟ್ಟು ಕೇಳಿದರೆ ಸಹಾಯಕ ಚೆನ್ನಾಗಿಯೇ ಬರೆಯುತ್ತದೆ. ಟೆಸ್ಟ್‌ಗಳನ್ನೂ ಬರೆದುಕೊಡುತ್ತದೆ: 2,499, 2,500, 2,501, ಸೀರೆ, ಹಳೆಯ ಬಿಲ್ಲು. ಆ ಭಾಗದಲ್ಲಿ ಅದು ಮನುಷ್ಯರಿಗಿಂತ ತಾಳ್ಮೆಯ ಕೆಲಸಗಾರ. ಆದರೆ ನಿಯಮ ಗೊತ್ತಿರಬೇಕಾದದ್ದು ಕೇಳುವವರಿಗೆ. ಈ ಅರಿವಿಗೆ ತಿಂಗಳ ಚಂದಾ ಇಲ್ಲ. ಅಂಗಡಿ ಗಲ್ಲಾದ ಪಕ್ಕ ನಿಂತು ಕಲಿತದ್ದು ಅದು.

ಇನ್ನೊಂದು ನಮ್ಮದೇ ಜಾಗ, ಹಳೆಯ ನುಡಿ ಕಡತಗಳು. ಸಂಘ, ಶಾಲೆ, ಪ್ರಿಂಟಿಂಗ್ ಪ್ರೆಸ್‌ಗಳ ಎಷ್ಟೋ ದಾಖಲೆ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಕೂತಿವೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಸ್ಕ್ರಿಪ್ಟ್ ಬರೆಯುವುದು ಇಲ್ಲಿನ ಡೆವಲಪರ್‌ಗಳಿಗೆ ಆಗಾಗ ಬರುವ ಕೆಲಸ. ತೊಡಕು ಇರುವುದು ಅರ್ಕಾವೊತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಮುಂಚೆ. ಇದನ್ನು ತಿಳಿಯದೆ ಒಂದೊಂದೇ ಅಕ್ಷರ ಬದಲಿಸುತ್ತ ಹೋದರೆ 'ಕರ್ನಾಟಕ' ಎಂಬುದು 'ಕನಾರ್ಟಕ' ಆಗುತ್ತದೆ. ಹಳೆಯ ವೆಬ್ ಪುಟಗಳಲ್ಲಿ ಈ ರೂಪವನ್ನು ನೋಡದ ಕನ್ನಡಿಗರಿಲ್ಲ. ಅರ್ಕಾವೊತ್ತನ್ನು ಒಂದು ವ್ಯಂಜನದಷ್ಟೇ ಹಿಂದಕ್ಕೆ ಸರಿಸುವ ಸ್ಕ್ರಿಪ್ಟು 'ಕರ್ನಾಟಕ'ವನ್ನೂ 'ಅರ್ಜಿ'ಯನ್ನೂ ಸರಿ ಮಾಡುತ್ತದೆ, 'ಸಾಮರ್ಥ್ಯ'ದಲ್ಲಿ ಎಡವಿ 'ಸಾಮಥ್ರ್ಯ' ಎನ್ನುತ್ತದೆ. ಅಲ್ಲಿ ಒತ್ತಕ್ಷರವನ್ನೂ ದಾಟಿ ಹಿಂದೆ ಹೋಗಬೇಕು. 10,000 ದಾಖಲೆಗಳನ್ನು ಒಂದಕ್ಕೆ 5 ಸೆಕೆಂಡಿನಂತೆ ಓದಿ ನೋಡಲು ಹತ್ತಿರ ಹತ್ತಿರ 14 ಗಂಟೆ ಬೇಕು, 20 ಡಾಲರಿನ ಇಡೀ ಚಂದಾಕ್ಕಿಂತ ಜಾಸ್ತಿ. ಅರ್ಕಾವೊತ್ತಿನ ಜೊತೆ ಒತ್ತಕ್ಷರವೂ ಇರುವ ಪದಗಳನ್ನು ಮಾತ್ರ ಆರಿಸಿ 200 ನೋಡಿದರೆ 17 ನಿಮಿಷ. ಯಾವ 200 ನೋಡಬೇಕು ಎಂದು ಹೇಳಬಲ್ಲವರು ಕನ್ನಡ ಓದಿ ಬರೆದು ಬೆಳೆದವರು, ಮತ್ತು ಈ ಕೆಲಸಕ್ಕೆ ಅವರು ತಮ್ಮ ದರವನ್ನು ಧೈರ್ಯವಾಗಿ ಏರಿಸಬೇಕು ಎಂದು ನನಗೆ ಅನ್ನಿಸುತ್ತದೆ.

ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಖರ್ಚು ಜಾಸ್ತಿಯೇ ಎಂಬ ಅನುಮಾನ ಹಲವರಲ್ಲಿದೆ. ಈ ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆಯುತ್ತವೆ. ಚಂದಾ ಬದಲು ಬಳಸಿದಷ್ಟಕ್ಕೆ ಹಣ ಕಟ್ಟುವವರಿಗೆ ಬಿಲ್ ಬೀಳುವುದು ಆ ತುಣುಕಿನ ಲೆಕ್ಕದಲ್ಲೇ. 'ಅರ್ಜಿ' ನಮಗೆ ಎರಡು ಅಕ್ಷರ. ಕಂಪ್ಯೂಟರಿಗೆ ಐದು ಸಂಕೇತ, 15 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಇಂಗ್ಲಿಷಿಗೆ ಒಂದೇ. 2024ರ ಮೇನಲ್ಲಿ ಓಪನ್‌ಎಐ ತನ್ನ ಜಿಪಿಟಿ-4ಒ ಬಿಡುಗಡೆ ಮಾಡುವಾಗ ಒಂದೇ ಪಠ್ಯದ ಟೋಕನ್ ಎಣಿಕೆಯನ್ನು ಹಲವು ಭಾಷೆಗಳಲ್ಲಿ ಪ್ರಕಟಿಸಿತು. ನಮ್ಮ ಪಕ್ಕದ ತೆಲುಗಿನದು 159ರಿಂದ 45ಕ್ಕೆ ಇಳಿದಿತ್ತು, ಇಂಗ್ಲಿಷಿನದು 27ರಿಂದ 24ಕ್ಕೆ. ಆರು ಪಟ್ಟು ಇದ್ದ ಅಂತರ ಎರಡು ಪಟ್ಟಿನೊಳಗೆ ಬಂತು. ಕನ್ನಡ ಲಿಪಿಯ ರಚನೆಯೂ ತೆಲುಗಿನಂಥದೇ.

ರೂಪಾಯಿಯಲ್ಲಿ ಇದು ಎಷ್ಟು? ಕನ್ನಡ ಪದಕ್ಕೆ 6 ಟೋಕನ್ ಎಂದು ಕೈ ಬಿಚ್ಚಿಯೇ ಹಿಡಿಯೋಣ. 300 ಪದಗಳ ವಿವರಣೆ 1,800 ಟೋಕನ್. 2025ರ ಕ್ಲಾಡ್ ಸಾನೆಟ್ 4 ಮಾದರಿಗೆ ಒಳಹೋಗುವ 10 ಲಕ್ಷ ಟೋಕನ್‌ಗೆ 3 ಡಾಲರ್, ಹೊರಬರುವ 10 ಲಕ್ಷಕ್ಕೆ 15 ಡಾಲರ್. ಆ ದರದಲ್ಲಿ ನಮ್ಮ 300 ಕನ್ನಡ ಪದಕ್ಕೆ 49 ಪೈಸೆ. ಗಿರಾಕಿ ಹೇಳಿದ್ದನ್ನು ಅವರ ಮಾತಿನಲ್ಲೇ, ಕನ್ನಡದಲ್ಲೇ ಬರೆದು ಕೊಡಿ. ಇಂಗ್ಲಿಷಿಗೆ ತಿರುಗಿಸಲು ಹೋಗಿ 10 ನಿಮಿಷ ಕಳೆದರೆ ಅದಕ್ಕೆ 28 ರೂಪಾಯಿ ಆಯಿತು, ಮೇಲೆ ಅರ್ಥವೂ ಜಾರುತ್ತದೆ.

ನಿಜವಾದ ಖರ್ಚು ಪ್ರಶ್ನೆಯಲ್ಲಿಲ್ಲ, ಪುನರಾವರ್ತನೆಯಲ್ಲಿದೆ. ಕಡತಗಳನ್ನು ತಾನೇ ತೆರೆದು, ತಾನೇ ತಿದ್ದುವ ಏಜೆಂಟ್ ರೀತಿಯ ಸಹಾಯಕ ಪ್ರತಿ ಹೆಜ್ಜೆಗೂ ಹಿಂದಿನ ಮಾತುಕತೆಯನ್ನೆಲ್ಲ ಮತ್ತೆ ಕಳಿಸುತ್ತದೆ. ಒಂದು ಸಲ ಕೂತಾಗ 30 ಹೆಜ್ಜೆ, ಹೆಜ್ಜೆಗೆ ಸರಾಸರಿ 40,000 ಟೋಕನ್ ಎಂದರೆ ಒಳಹೋಗುವುದು 12 ಲಕ್ಷ ಟೋಕನ್, 3 ಡಾಲರ್ 60 ಸೆಂಟ್. ಹೊರಬರುವ ಕೋಡ್ ಹೆಜ್ಜೆಗೆ 800ರಂತೆ 24,000 ಟೋಕನ್, 36 ಸೆಂಟ್. ಒಟ್ಟು 356 ರೂಪಾಯಿ. ತಿಂಗಳಿಗೆ 22 ಸಲ ಹೀಗೆ ಕೂತರೆ 7,800 ರೂಪಾಯಿ ದಾಟುತ್ತದೆ. ಮೊದಲೇ ಕಳಿಸಿದ ಭಾಗವನ್ನು ನೆನಪಿನಲ್ಲಿಟ್ಟುಕೊಳ್ಳುವ ಕ್ಯಾಶ್ ವ್ಯವಸ್ಥೆ ಇದ್ದರೆ, ಆ ಭಾಗಕ್ಕೆ ಹತ್ತನೇ ಒಂದು ಪಾಲು ದರ. 90% ಭಾಗ ಹಾಗೆ ಬಂದರೆ ಅದೇ ಕೆಲಸಕ್ಕೆ 94 ರೂಪಾಯಿ, ತಿಂಗಳಿಗೆ 2,068. ಆದ್ದರಿಂದ ಒಂದು ಕೆಲಸ ಮುಗಿದ ಕೂಡಲೇ ಹೊಸ ಮಾತುಕತೆ ಶುರು ಮಾಡುವುದು, ಇಡೀ ಪ್ರಾಜೆಕ್ಟ್ ಬದಲು ಬೇಕಾದ ಎರಡು ಕಡತ ಮಾತ್ರ ಕೊಡುವುದು, ಇವು ನೇರವಾಗಿ ದುಡ್ಡು ಉಳಿಸುವ ಅಭ್ಯಾಸಗಳು.

ಸ್ವಂತ ಕಂಪ್ಯೂಟರಿನಲ್ಲೇ ಮಾದರಿ ಓಡಿಸುವ ದಾರಿಯೂ ಇದೆ. ಒಲ್ಲಾಮಾ ಎಂಬ ಸಾಧನದಲ್ಲಿ ಕ್ವೆನ್ 2.5 ಕೋಡರ್‌ನ 700 ಕೋಟಿ ನಿಯತಾಂಕಗಳ ಆವೃತ್ತಿ 4.7 ಜಿಬಿ ಡೌನ್‌ಲೋಡ್. ಆಮೇಲೆ ಇಂಟರ್ನೆಟ್ ಬೇಕಿಲ್ಲ, ಗಿರಾಕಿಯ ದತ್ತಾಂಶ ಮನೆ ಬಿಟ್ಟು ಹೋಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ 120 ವಾಟ್ ಎಳೆಯುತ್ತ ದಿನಕ್ಕೆ 4 ಗಂಟೆ, 25 ದಿನ ಓಡಿದರೆ 12 ಯೂನಿಟ್. ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 72 ರೂಪಾಯಿ. ಅಗ್ಗವೇ, ಆದರೆ ಕೆಡುವ ಮಾಲು ಹೆಚ್ಚು. 5.76 ಲಕ್ಷ ಕೋಡ್ ತುಣುಕುಗಳನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ, ಮಾದರಿಗಳು ಸೂಚಿಸಿದ ಪ್ಯಾಕೇಜುಗಳಲ್ಲಿ ಜಗತ್ತಿನಲ್ಲೇ ಇಲ್ಲದ ಹೆಸರುಗಳು ವಾಣಿಜ್ಯ ಮಾದರಿಗಳಲ್ಲಿ 5.2%, ಮುಕ್ತ ಮಾದರಿಗಳಲ್ಲಿ 21.7%. ಅಂಥ ಹೆಸರಿನಲ್ಲಿ ಯಾರಾದರೂ ದುಷ್ಟ ಪ್ಯಾಕೇಜ್ ಇಟ್ಟು ಕಾದರೆ, ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡಿದವರ ಕಥೆ ಮುಗಿಯಿತು. ಹೆಸರನ್ನು ಮೂಲ ಭಂಡಾರದಲ್ಲಿ ಹುಡುಕಿ ನೋಡಲು ಅರ್ಧ ನಿಮಿಷ ಸಾಕು.

ವಿದ್ಯಾರ್ಥಿಗಳ ಲೆಕ್ಕವೇ ಬೇರೆ. ಯುಬಿಡಿಟಿ ಕಾಲೇಜು 1951ರಿಂದ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಿಂದ ದಾವಣಗೆರೆಯಲ್ಲಿ ಎಂಜಿನಿಯರ್‌ಗಳನ್ನು ತಯಾರು ಮಾಡುತ್ತಿವೆ. ಗುರುತು ದೃಢಪಡಿಸಿದ ವಿದ್ಯಾರ್ಥಿಗಳಿಗೆ 2025ರಲ್ಲಿ ಕೋಪೈಲಟ್ ಪ್ರೊ ಉಚಿತವಾಗಿತ್ತು: ತಲೆಗೆ ವರ್ಷಕ್ಕೆ 10,800 ರೂಪಾಯಿಯ ಸಾಮಾನು, 60 ಜನರ ತರಗತಿಗೆ 6,48,000. ದುಡ್ಡಿನ ಪ್ರಶ್ನೆಯೇ ಇಲ್ಲ ಎಂದಾಗ ಉಳಿಯುವುದು ಕಲಿಕೆಯ ಪ್ರಶ್ನೆ. ಮೇಲಿನ ಬಿಲ್ಲಿನಲ್ಲಿ 1.05ರಿಂದ ಏಕೆ ಭಾಗಿಸಬೇಕು ಎಂದು ತಾನೇ ಕಂಡುಕೊಳ್ಳದ ಹುಡುಗನಿಗೆ ಸಹಾಯಕ ಕೊಟ್ಟ ತಪ್ಪು ತಪ್ಪಾಗಿ ಕಾಣುವುದೇ ಇಲ್ಲ. ಮೊದಲ ಎರಡು ಸೆಮಿಸ್ಟರ್ ಕೈಯಿಂದ ಬರೆದು, ತಪ್ಪು ತಾನೇ ಹುಡುಕಿ, ಆಮೇಲೆ ಇದನ್ನು ಮುಟ್ಟಲಿ ಎಂದು ಅಧ್ಯಾಪಕರು ಹೇಳಿದರೆ ನಾನು ಅವರ ಪರ.

ಐದು ಜನರ ಕಚೇರಿಗೆ ಕೋಪೈಲಟ್ ಬಿಸಿನೆಸ್ 2025ರ ದರದಲ್ಲಿ ತಲೆಗೆ 19 ಡಾಲರ್, ತಿಂಗಳಿಗೆ 8,550, ವರ್ಷಕ್ಕೆ 1,02,600 ರೂಪಾಯಿ. ಜಿಎಸ್‌ಟಿ ನೋಂದಣಿ ಇದ್ದರೆ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಿ ಕ್ರೆಡಿಟ್ ಪಡೆಯಬಹುದು, ಅದು ಖರ್ಚಲ್ಲ. ಐವರಿಗೂ ಒಟ್ಟಿಗೆ ಕೊಳ್ಳುವ ಮೊದಲು, ಹೊಸ ಕೆಲಸ ಹೆಚ್ಚಿರುವ ಇಬ್ಬರಿಗೆ ಕೊಟ್ಟು ಸಮಯದ ಪುಸ್ತಕ ಬರೆಸುವುದು ಲೇಸು.

ಪಾವತಿಯ ಬಗ್ಗೆ ಒಂದು ಮಾತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ತಿಂಗಳು ಒಟಿಪಿ ಇಲ್ಲದೆ ತಾನಾಗಿ ಕಡಿತವಾಗುವ ಕಾರ್ಡ್ ಚಂದಾಕ್ಕೆ 2022ರಿಂದ 15,000 ರೂಪಾಯಿ ಮಿತಿ. 10, 20, 100 ಡಾಲರಿನವು ಅದರೊಳಗೆ ಬರುತ್ತವೆ. 2025ರ ದರದಲ್ಲಿ ಕೋಪೈಲಟ್ ಪ್ರೊ ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 100 ಡಾಲರ್, ತೆರಿಗೆ, ಮಾರ್ಕಪ್ ಸೇರಿ 11,059. ತಿಂಗಳ ಲೆಕ್ಕದಲ್ಲಿ ಕಟ್ಟಿದರೆ 13,270. ಉಳಿತಾಯ 2,211 ರೂಪಾಯಿ. ಆದರೂ ಮೊದಲ ವರ್ಷ ತಿಂಗಳ ಚಂದಾವನ್ನೇ ಆರಿಸುವುದು ಒಳ್ಳೆಯದು. ಕರ್ಸರ್ 2025ರ ಜೂನ್‌ನಲ್ಲಿ 20 ಡಾಲರಿಗೆ ಎಷ್ಟು ಸಿಗುತ್ತದೆ ಎಂಬ ಅಳತೆಯನ್ನೇ ಬದಲಿಸಿ, ಜುಲೈ 4ರಂದು ಬಳಕೆದಾರರ ಕ್ಷಮೆ ಕೇಳಿ ಹಣ ಹಿಂದಿರುಗಿಸುವುದಾಗಿ ಹೇಳಿತು. ಕೋಪೈಲಟ್ ಪ್ರೀಮಿಯಂ ಪ್ರಶ್ನೆಗಳ ಮಿತಿಯನ್ನು ಜಾರಿಗೆ ತಂದದ್ದೂ ಅದೇ ಜೂನ್‌ನಲ್ಲಿ. ಅಳತೆ ಹೀಗೆ ಬದಲಾಗುತ್ತಿರುವಾಗ, ಕೆಲಸ ಕಡಿಮೆ ಇರುವ ತಿಂಗಳು ಚಂದಾ ನಿಲ್ಲಿಸುವ ಸ್ವಾತಂತ್ರ್ಯಕ್ಕೆ ವರ್ಷಕ್ಕೆ 2,211 ರೂಪಾಯಿ ಕೊಡಬಹುದು. ಎರಡು ತಿಂಗಳು ನಿಲ್ಲಿಸಿದರೆ ಅದು ಅಲ್ಲಿಗೇ ಸರಿಹೋಗುತ್ತದೆ.